ಬಾಣಂತಿ ಕೋಣೆಯ ತಂಪು

ಗೋಡೆಗೆ ಒಂದು ಪೆಟ್ಟಿಗೆ ನೇತು ಹಾಕಿ, ಕೈಯಲ್ಲಿ ರಿಮೋಟ್ ಹಿಡಿದುಕೊಂಡು, ತಮ್ಮ ಮನೆಗೂ ಎಸಿ ಬಂತು ಎಂದು ಬೀಗುವವರನ್ನು ಕಂಡರೆ ಭೋಜನಿಗೆ ಮೈಯೆಲ್ಲ ಉರಿಯುತ್ತಿತ್ತು. ಅದು ಎಸಿಯೇ ಅಲ್ಲ, ತಣ್ಣಗಿನ ಗಾಳಿ ಉಗುಳುವ ಡಬ್ಬಿ ಎನ್ನುತ್ತಿದ್ದ. ಎಸಿ ಎಂದರೆ ಇಡೀ ಮನೆ ಒಂದೇ ಹದದಲ್ಲಿ ತಂಪಾಗಿರಬೇಕು. ಯಂತ್ರ ಎಲ್ಲಿದೆ ಎಂದು ಬಂದವರಿಗೆ ಗೊತ್ತಾಗಬಾರದು, ಸದ್ದು ಕೇಳಬಾರದು. ಜೀವಮಾನದ ಮುಕ್ಕಾಲು ಪಾಲನ್ನು ಕುವೈತಿನಲ್ಲಿ ಬೇರೆಯವರ ಮನೆಗಳ, ಬೇರೆಯವರ ಆಸ್ಪತ್ರೆಗಳ ಮಾಡಿನ ಕೆಳಗೆ ತಗಡಿನ ಗಾಳಿಕೊಳವೆ ಜೋಡಿಸುತ್ತಾ ಕಳೆದವನು ಅವನು. ಡಕ್ಟಿಂಗ್ ಫೋರ್‌ಮನ್ ಭೋಜ ಎಂದರೆ ಅಲ್ಲಿಯ ಇಂಜಿನಿಯರುಗಳೂ ಎದುರು ಮಾತಾಡುತ್ತಿರಲಿಲ್ಲವಂತೆ. ಹಾಗೆಂದು ಹೇಳಿದವನು ಭೋಜನೇ. ಆದರೆ ಅವನ ಊರು ಕಾಪುವಿನಲ್ಲಿ ಅದನ್ನು ಅಲ್ಲಗಳೆಯುವ ಧೈರ್ಯವೂ ಯಾರಿಗೂ ಇರಲಿಲ್ಲ.

ಅವನ ಜೊತೆ ವಾದಕ್ಕೆ ಇಳಿದರೆ ಊಟದ ಹೊತ್ತು ಮೀರುವುದು ಖಂಡಿತ. ಮೀನು ಸಾರಿಗೆ ಹುಳಿ ಹೆಚ್ಚಾಯಿತೋ ಇಲ್ಲವೋ ಎಂಬಲ್ಲಿಂದ ಹಿಡಿದು ಹೆದ್ದಾರಿಯ ತಿರುವು ಎಲ್ಲಿರಬೇಕಿತ್ತು ಎಂಬಲ್ಲಿವರೆಗೆ ಅವನ ಮಾತೇ ಕೊನೆಯ ಮಾತು. ಹೆಂಡತಿ ಕುಶಲಾ ಮದುವೆಯಾದ ಹೊಸತರಲ್ಲಿ ಒಂದೆರಡು ಸಲ ಎದುರಾಡಿ ನೋಡಿದ್ದಳು. ಆಮೇಲೆ ಅವಳು ಕಂಡುಕೊಂಡ ದಾರಿ ಬೇರೆ. ಗಂಡ ಹೇಳಿದ್ದಕ್ಕೆಲ್ಲ ಹೂಂ ಎನ್ನುವುದು, ತನಗೆ ಸರಿ ಕಂಡದ್ದನ್ನು ಸದ್ದಿಲ್ಲದೆ ಮಾಡುವುದು. ಹೀಗೆ ಆ ಸಂಸಾರ ಜಗಳವಿಲ್ಲದೆ ನಡೆದಿತ್ತು. ಅಕ್ಕಪಕ್ಕದವರು ಮೆಚ್ಚಿಕೊಳ್ಳುತ್ತಿದ್ದರು.

ಮಗಳು ಭವ್ಯಶ್ರೀಯನ್ನು ಕಾರ್ಕಳಕ್ಕೆ ಕೊಟ್ಟಿದ್ದರು. ಅಳಿಯ ರಿತೇಶ್ ಅಲ್ಲಿ ಪಂಪ್‌ಸೆಟ್ ಮತ್ತು ಪೈಪುಗಳ ಅಂಗಡಿ ಇಟ್ಟಿದ್ದ. ಅವಳು ಬಸುರಿಯಾದಾಗ ಹೆರಿಗೆ, ಬಾಣಂತನ ಎಲ್ಲ ತವರಿನಲ್ಲಿ ಎಂದು ನಿಶ್ಚಯವಾಯಿತು. ದಿನ ತುಂಬುವುದು ಸರಿಯಾಗಿ ಮೇ ತಿಂಗಳಲ್ಲಿ. ಕಡಲ ಕಡೆಯಿಂದ ಗಾಳಿಯೇ ಬೀಸದೆ, ಒಗೆದ ಬಟ್ಟೆ ಒಣಗದೆ, ಮೈಯ ಬೆವರೂ ಆರದೆ ಜನ ಮಳೆಗೆ ಬಾಯಿ ಬಿಡುವ ತಿಂಗಳು ಅದು. ಮಾರ್ಚಿನಲ್ಲಿ ಒಮ್ಮೆ ಬಂದಿದ್ದ ಮಗಳು ಫ್ರಿಜ್ಜಿನ ಬಾಗಿಲು ತೆರೆದು ಅದರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತದ್ದನ್ನು ಭೋಜ ನೋಡಿದ. ಅವತ್ತೇ ತೀರ್ಮಾನಿಸಿದ.

"ಊರಿನವರ ಮನೆಗೆಲ್ಲ ತಂಪು ಮಾಡಿ ಬಂದೆ. ನನ್ನ ಮಗಳು ಬೇಯುವುದಾ?" ಎಂದು ಕೇಳಿದ.

"ಎಂತ ಮಾಡುತ್ತೀರಿ ಈಗ?" ಎಂದಳು ಕುಶಲಾ.

"ಸೆಂಟ್ರಲ್ ಎಸಿ. ಇಡೀ ಮನೆಗೆ. ನಾನೇ ಹಾಕುತ್ತೇನೆ. ನೀನು ಏಣಿ ಹಿಡಿದರೆ ಸಾಕು."

ಉಡುಪಿಯಲ್ಲಿ ಬಾಗಿಲು ಹಾಕಿದ ಒಂದು ಬಟ್ಟೆ ಅಂಗಡಿಯ ಯಂತ್ರ ಮಾರಾಟಕ್ಕಿತ್ತು. ಅದನ್ನು ಬಿಚ್ಚಿ ತಂದು, ತೊಳೆದು, ತಾರಸಿಯ ಮೇಲೆ ಹೊರಗಿನ ಭಾಗವನ್ನೂ ಕೋಣೆಗಳ ನಡುವಿನ ಓಣಿಯ ಮಾಡಿನ ಕೆಳಗೆ ಒಳಗಿನ ಭಾಗವನ್ನೂ ಕೂರಿಸಿದ. ಆದಿ ಉಡುಪಿಯ ವರ್ಕ್‌ಶಾಪಿನಿಂದ ತಗಡು ತರಿಸಿ ಅಂಗಳದಲ್ಲೇ ಕತ್ತರಿಸಿದ, ಮಡಿಸಿದ, ತಟ್ಟಿದ. ಬೆಳಗಿನಿಂದ ಸಂಜೆವರೆಗೆ ಆ ಮನೆಯಲ್ಲಿ ತಗಡಿನ ಸದ್ದು. ಗೋಡೆ ಕೊರೆದ ಪುಡಿ ಅಕ್ಕಿ ಡಬ್ಬದವರೆಗೂ ಹೋಯಿತು. ಕುಶಲಾ ಏಣಿ ಹಿಡಿದಳು, ತಗಡಿನ ಇನ್ನೊಂದು ತುದಿ ಹಿಡಿದಳು, ಬಿದ್ದ ಸ್ಕ್ರೂ ಹೆಕ್ಕಿ ಕೊಟ್ಟಳು. ಮೇಲೆ ಮಾಡಿನೊಳಗೆ ತಲೆ ತೂರಿಸಿಕೊಂಡು ಭೋಜ ಏನೋ ಗುನುಗುತ್ತಿದ್ದ. ಊರಿಗೆ ಮರಳಿದ ಮೇಲೆ ಅವನು ಇಷ್ಟು ಖುಷಿಯಾಗಿದ್ದುದನ್ನು ಅವಳು ಕಂಡಿರಲಿಲ್ಲ. ಹಾಗಾಗಿ ಅಕ್ಕಿಯಲ್ಲಿ ಸಿಮೆಂಟು ಪುಡಿ ಸಿಕ್ಕಿದರೂ ಇನ್ನೊಮ್ಮೆ ತೊಳೆದು ಅನ್ನಕ್ಕೆ ಇಟ್ಟಳು.

ಓಣಿಯ ಉದ್ದಕ್ಕೂ ದೊಡ್ಡ ಕೊಳವೆ, ಅದರಿಂದ ಒಂದೊಂದು ಕೋಣೆಗೆ ಒಂದೊಂದು ಕವಲು. ಬಾಗಿಲಿನ ಮೇಲ್ಗಡೆ ಗೋಡೆ ಕೊರೆದು ಅಲ್ಲಿ ಜಾಲರಿ. ಗಾಳಿ ಜಾಲರಿಯಿಂದ ಕೋಣೆಗೆ ಇಳಿದು, ಬಾಗಿಲಿನ ಅಡಿಯ ಸಂದಿನಿಂದ ಹೊರಗೆ ಬಂದು, ಮತ್ತೆ ಯಂತ್ರಕ್ಕೆ ಹೋಗಬೇಕು. ಅದರ ಜೊತೆಗೆ ಹೊರಗಿನ ಹೊಸ ಗಾಳಿಯೂ ಸ್ವಲ್ಪ ಸೇರುತ್ತಿರಬೇಕು. ಇಲ್ಲದಿದ್ದರೆ ಮನೆಯವರು ಉಸಿರಾಡಿದ ಗಾಳಿಯನ್ನೇ ಮತ್ತೆ ಮತ್ತೆ ಉಸಿರಾಡಿದಂತೆ. ಕುವೈತಿನಲ್ಲಿ ಈ ಹೊಸ ಗಾಳಿಯ ಕಿಂಡಿ ತೆರೆಯದ ಕಟ್ಟಡವನ್ನು ಭೋಜ ಎಂದೂ ಒಪ್ಪಿಸಿದವನಲ್ಲ. ಇಲ್ಲಿಯೂ ಮನೆಯ ಹಿಂಭಾಗದ ಗೋಡೆಯಲ್ಲಿ ಚಂದದ ಒಂದು ಕಿಂಡಿ ಮಾಡಿದ.

ಕಿಟಕಿಗಳ ಮರದ ಬಾಗಿಲುಗಳನ್ನು ತೆಗೆದು ಗಾಜು ಕೂರಿಸಿ ಸುತ್ತ ಸಿಲಿಕೋನ್ ಬಳಿದ. ತೆರೆಯುವ ಪ್ರಶ್ನೆಯೇ ಇಲ್ಲ. ಇದಕ್ಕೆ ಮಾತ್ರ ಕುಶಲಾ ಮನಸಾರೆ ಒಪ್ಪಿದಳು. ಬಾಣಂತಿಗೂ ಕೂಸಿಗೂ ಗಾಳಿ ತಾಗಬಾರದು ಎಂಬುದು ಅವಳ ಅಜ್ಜಿಯ ಕಾಲದಿಂದ ಬಂದ ಮಾತು. ಗಂಡ ಹೆಂಡತಿ ನಿಜವಾಗಿ ಒಂದೇ ಮನಸ್ಸಿಗೆ ಬಂದದ್ದು ಕಿಟಕಿ ಮುಚ್ಚುವ ವಿಷಯದಲ್ಲಿ ಮಾತ್ರ.

ಮೊದಲ ಸಲ ಯಂತ್ರ ಚಾಲೂ ಮಾಡಿದ ದಿನ ಮನೆ ನಿಧಾನವಾಗಿ ತಣ್ಣಗಾಯಿತು. ಭೋಜ ಕೋಣೆಯಿಂದ ಕೋಣೆಗೆ ಅಂಗೈ ಚಾಚಿಕೊಂಡು ನಡೆದ. ಅಷ್ಟರಲ್ಲಿ ಎಲ್ಲ ಜಾಲರಿಗಳಿಂದಲೂ ಹೊಗೆಯ ವಾಸನೆ ಸುರಿಯತೊಡಗಿತು. ಹಿಂಭಾಗದ ಬಚ್ಚಲಿನಲ್ಲಿ ಕುಶಲಾ ಹಂಡೆಯ ಒಲೆಗೆ ತೆಂಗಿನ ಮಡಲು ತುರುಕಿದ್ದಳು. ಹೊಸ ಗಾಳಿಯ ಕಿಂಡಿ ಸರಿಯಾಗಿ ಅದರ ಹೊಗೆಗೂಡಿನ ಪಕ್ಕದಲ್ಲಿತ್ತು. ಕುವೈತಿನ ಮನೆಗಳಲ್ಲಿ ಹಂಡೆ ಇರಲಿಲ್ಲ.

"ಇನ್ನು ಆ ಹಂಡೆ ಉರಿಸುವುದು ಬೇಡ. ಗೀಸರ್ ಉಂಟಲ್ಲ!" ಎಂದು ಭೋಜ ಕಿರುಚಿದ.

"ಬಾಣಂತಿ ಸ್ನಾನಕ್ಕೆ ಗೀಸರ್ ನೀರಾ?" ಕುಶಲಾ ಅಪರೂಪಕ್ಕೆ ದನಿ ಎತ್ತಿದಳು. "ಎಂತ ಮಾತು ಮಾರಾಯರೇ. ಸೌದೆಯ ನೀರೇ ಆಗಬೇಕು."

ಅವನು ಏಣಿ ತಂದು ಮೇಲೆ ಹತ್ತಿದ. ಕಿಂಡಿಗೆ ಅಡ್ಡವಾಗಿ ಒಂದು ತಗಡು ಇಟ್ಟು, ಸ್ಕ್ರೂ ಬಿಗಿದು, ಅಂಚಿಗೆ ಸಿಲಿಕೋನ್ ಹಚ್ಚಿ ಇಳಿದ. ಮಳೆಗಾಲ ಕಳೆದ ಮೇಲೆ ಅದನ್ನು ತಾರಸಿಯ ಕಡೆಗೆ ತಿರುಗಿಸಿದರಾಯಿತು ಎಂದುಕೊಂಡ. ಈ ವಿಷಯವನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅದನ್ನು ಮೊದಲು ಅಲ್ಲಿ ಇಟ್ಟದ್ದೇ ತಪ್ಪು ಎಂದಾಗುತ್ತಿತ್ತು.

ಭವ್ಯಶ್ರೀಗೆ ಹೆಣ್ಣು ಮಗುವಾಯಿತು. ಆಸ್ಪತ್ರೆಯಿಂದ ನೇರ ಕಾಪುವಿಗೆ ಕರೆತಂದರು. ಒಳಗೆ ಕಾಲಿಟ್ಟವಳೇ ಮಗಳು ಕಣ್ಣು ಮುಚ್ಚಿ, "ಅಬ್ಬ, ಪಪ್ಪ!" ಎಂದಳು. ಭೋಜನಿಗೆ ಅಷ್ಟು ಸಾಕಾಗಿತ್ತು. ಬಂದವರಿಗೆಲ್ಲ ಆ ಮಾತನ್ನು ಮತ್ತೆ ಮತ್ತೆ ಹೇಳಿದ.

ಆದರೆ ಬಾಣಂತಿ ಕೋಣೆಯೊಳಗೆ ಅವನಿಗೆ ಪ್ರವೇಶವಿರಲಿಲ್ಲ. ಹೆರಿಗೆಯ ಸೂತಕಕ್ಕೆ ಆ ಕಡೆ ಅಮೆ ಎನ್ನುತ್ತಾರೆ. ಅದು ಕಳೆದು ಶುದ್ಧದ ಸ್ನಾನ ಆಗುವವರೆಗೆ ಗಂಡಸರು ಆ ಹೊಸ್ತಿಲು ದಾಟುವುದಿಲ್ಲ. ಬಾಗಿಲು ತೆರೆದಾಗ ಆಚೆಯಿಂದ ಮೊಮ್ಮಗಳ ಮುಖ ನೋಡಬೇಕು, ಅಷ್ಟೆ. ಹಾಗಾಗಿ ಆ ಕೋಣೆ ಭೋಜನಿಗೆ ತಿಳಿಯುತ್ತಿದ್ದುದು ಹಜಾರದ ಗೋಡೆಯ ಮೇಲೆ ಅದರ ಬಿಸಿ ಎಷ್ಟೆಂದು ತೋರಿಸುವ ಸಣ್ಣ ಪರದೆಯ ಅಂಕಿಯಿಂದ. ಅಂಕಿ ಕೆಳಗಿದ್ದರೆ ಮಗಳು ಸುಖವಾಗಿದ್ದಾಳೆ, ಮೇಲೆ ಹೋದರೆ ಬೇಯುತ್ತಿದ್ದಾಳೆ.

ಒಳಗಿನ ಲೋಕವೇ ಬೇರೆಯಾಗಿತ್ತು. ಶಂಕರಪುರದಿಂದ ಕಮಲಕ್ಕ ಎಂಬ ಮುದುಕಿ ದಿನಾ ಬೆಳಿಗ್ಗೆ ಬಂದು ತಾಯಿಗೂ ಮಗುವಿಗೂ ಎಣ್ಣೆ ತಿಕ್ಕಿ, ಹಬೆಯಾಡುವ ನೀರು ಹೊಯ್ದು ಹೋಗುತ್ತಿದ್ದಳು. ಭವ್ಯಶ್ರೀಯನ್ನು ಹುಟ್ಟಿದಾಗ ಮೀಯಿಸಿದ್ದೂ ಅವಳೇ. ಸುಡುನೀರಿನ ಸ್ನಾನದಿಂದ ಬಂದ ಮಗಳು ನೇರ ಈ ಚಳಿಗೆ ಬಂದು ಮಲಗುವುದನ್ನು ನೋಡಿ ಕುಶಲಾ ಹೆದರಿದಳು. ಹಸಿ ಮೈ. ಈಗ ಶೀತ ಹೊಕ್ಕರೆ ಮುದುಕಿಯಾಗುವವರೆಗೆ ಬಿಡುವುದಿಲ್ಲ. ತನ್ನ ಬಾಣಂತನದಲ್ಲಿ ಅಮ್ಮ ಮಂಚದ ಅಡಿಯಲ್ಲಿ ಹಗಲೂ ಇರುಳೂ ಕೆಂಡ ಇಟ್ಟು ಕಾಪಾಡಿದ್ದಳು. ಅಮ್ಮನಿಗೆ ಅವಳ ಅಮ್ಮ. ಕುಶಲಾ ಅಟ್ಟದ ಮೂಲೆಯಿಂದ ಹಳೆಯ ಮಣ್ಣಿನ ಅಗ್ಗಿಷ್ಟಿಕೆ ತೆಗೆದಳು. ತೆಂಗಿನ ಗೆರಟೆಯ ಕೆಂಡ ಮಾಡಿ, ಬೂದಿ ಮುಚ್ಚಿ, ಮಂಚದ ಅಡಿಯಲ್ಲಿ ಇಟ್ಟಳು. ಗಂಡನಿಗೆ ಕಂಡರೆ ರಂಪವಾದೀತೆಂದು ಮಂಚದ ಸುತ್ತ ಸೀರೆ ಇಳಿಬಿಟ್ಟಳು.

ಹಜಾರದಲ್ಲಿ ಅಂಕಿ ಮೇಲೆ ಹೋಯಿತು. ಭೋಜ ಅದನ್ನು ಇಳಿಸಿದ. ಒಳಗೆ ಚಳಿ ಹೆಚ್ಚಾಯಿತು. ಕುಶಲಾ ಎರಡು ಗೆರಟೆ ಹೆಚ್ಚು ಹಾಕಿದಳು. ಮತ್ತೆ ಅಂಕಿ ಏರಿತು, ಮತ್ತೆ ಭೋಜ ಇಳಿಸಿದ. ಒಬ್ಬರಿಗೊಬ್ಬರು ಒಂದು ಮಾತನ್ನೂ ಹೇಳದೆ ಗಂಡ ಹೆಂಡತಿ ಗೋಡೆಯ ಆಚೆ ಈಚೆ ನಿಂತು ಹೀಗೆ ಕಾದಾಡಿದರು. ಇಬ್ಬರದೂ ಮಗಳ ಮೇಲಿನ ಪ್ರೀತಿ. ಅದನ್ನು ನೆನೆದರೆ ಇಬ್ಬರ ಮೇಲೂ ಸಿಟ್ಟು ಬರುತ್ತದೆ, ಇಬ್ಬರನ್ನೂ ಬೈಯಲೂ ಆಗುವುದಿಲ್ಲ.

ಭವ್ಯಶ್ರೀ ತಲೆನೋವು ಎನ್ನತೊಡಗಿದಳು. ಮಧ್ಯಾಹ್ನ ವಾಂತಿ ಬಂದಂತಾಗುತ್ತಿತ್ತು. ಬೆಳಿಗ್ಗೆ ಬಚ್ಚಲಿಗೆ ಹೋಗಿ ಬಂದರೆ ಹಗುರಾಗುತ್ತಿತ್ತು, ಕೋಣೆಗೆ ಮರಳಿ ಮಲಗಿದರೆ ಮತ್ತೆ ಭಾರ. ಶೀತ ತಲೆಗೆ ಏರಿದೆ ಎಂದಳು ಕುಶಲಾ. ಸೆಕೆಗೆ ಹಾಗಾಗುವುದು, ಇನ್ನೂ ತಂಪು ಬೇಕು ಎಂದ ಬಾಗಿಲಾಚೆಯಿಂದ ಭೋಜ. ಹೆತ್ತ ಮೈ ಅಲ್ವಾ, ಸ್ವಲ್ಪ ದಿನ ಹಾಗೇ ಎಂದಳು ಕಮಲಕ್ಕ. ಎಲ್ಲರ ಬಳಿಯೂ ಒಂದೊಂದು ಕಾರಣವಿತ್ತು.

ಅಮೆ ಕಳೆಯಲು ಇನ್ನೇನು ಎರಡು ಮೂರು ದಿನ ಉಳಿದಿತ್ತು. ಆ ಬೆಳಿಗ್ಗೆ ಮಗು ಸೀನಿತು. ಮೂಗು ಕಟ್ಟಿ ಹಾಲು ಎಳೆಯಲು ಒದ್ದಾಡಿತು. ಕುಶಲಾ ಇನ್ನು ತಡೆಯಲಿಲ್ಲ. ಕಮಲಕ್ಕ ಹೋದದ್ದೇ, ಸ್ಟೂಲು ಹತ್ತಿ ಬಾಗಿಲಿನ ಮೇಲಿನ ಜಾಲರಿಗೆ ಮಡಿಸಿದ ಕಂಬಳಿ ಬಿಗಿದು ಕಟ್ಟಿದಳು. ಬಾಗಿಲಿನ ಅಡಿಯ ಸಂದಿಗೆ ಹಳೆಯ ಸೀರೆ ಸುರುಳಿ ಸುತ್ತಿ ತುರುಕಿದಳು. ಒಳಗಿನಿಂದ ಚಿಲಕ ಹಾಕಿ, ಕೆಂಡ ತುಂಬಿಸಿ, ಸಾಂಬ್ರಾಣಿ ಉದುರಿಸಿ, ಮಂಚದ ಕಾಲಿನ ಬಳಿ ಚಾಪೆ ಹಾಸಿಕೊಂಡು ಬೀಸಣಿಗೆ ಹಿಡಿದು ಕುಳಿತಳು. ಈಗ ಎಷ್ಟು ಬೇಕಾದರೂ ತಂಪು ಕಳಿಸಲಿ, ನನ್ನ ಮಗಳಿಗೆ ತಾಗುವುದಿಲ್ಲ ಎಂದುಕೊಂಡಿರಬೇಕು.

ಊಟದ ಹೊತ್ತಿಗೆ ಭೋಜ ಹಜಾರಕ್ಕೆ ಬಂದು ಪರದೆ ನೋಡಿದ. ಅಂಕಿ ಎಂದಿಗಿಂತ ಬಹಳ ಮೇಲಿತ್ತು. ಇಳಿಸಿದ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಇನ್ನೂ ಏರಿತ್ತು. ಬೇರೆ ಕೋಣೆಗಳೆಲ್ಲ ತಣ್ಣಗಿದ್ದವು. ಆ ಕವಲಿನಲ್ಲೇ ಏನೋ ತೊಂದರೆ ಎಂದು ಅವನಿಗೆ ಅವಮಾನವಾಯಿತು. ತನ್ನ ಕೆಲಸದಲ್ಲಿ ಸೋರಿಕೆ ಎಂದರೇನು! "ಕುಶಲಾ, ಊಟ ಆಯಿತಾ?" ಎಂದು ಬಾಗಿಲ ಬಳಿ ಕೂಗಿದ. ಉತ್ತರ ಬರಲಿಲ್ಲ. ಮಲಗಿದ್ದಾರೆ, ಏಳಿಸುವುದು ಬೇಡ ಎಂದುಕೊಂಡು ಏಣಿ ತಂದ. ಏಣಿ ಹಿಡಿಯಲು ಯಾರೂ ಇಲ್ಲದೆ ಅದು ಅಲುಗಾಡುತ್ತಿತ್ತು.

ಓಣಿಯ ಮಾಡಿನ ಹಲಗೆ ಸರಿಸಿ, ಕವಲಿನ ಪಕ್ಕದ ಮುಚ್ಚಳ ಬಿಚ್ಚಿದ. ಒಳಗೆ ಟಾರ್ಚ್ ಹಾಕಿದರೆ ಜಾಲರಿಯ ಆಚೆ ಏನೋ ಕಪ್ಪಗೆ ಅಡ್ಡ ನಿಂತಿತ್ತು. ಕಂಬಳಿ ಎಂದು ಗುರುತಾದಾಗ ಸಿಟ್ಟು ನೆತ್ತಿಗೇರಿತು. "ಇದು ಇವಳದೇ ಕೆಲಸ" ಎಂದು ಗೊಣಗಿಕೊಂಡು ಉದ್ದದ ಸ್ಕ್ರೂಡ್ರೈವರನ್ನು ಜಾಲರಿಯ ಸಂದಿನಿಂದ ತೂರಿಸಿ ಜೋರಾಗಿ ತಳ್ಳಿದ. ಕಂಬಳಿಯ ಒಂದು ಬದಿ ಕಳಚಿ ಕೆಳಗೆ ಜಾರಿತು.

ಹೋಗಬಾರದಾಗಿದ್ದ ಆ ಕೋಣೆಯನ್ನು ಭೋಜ ಮೊದಲ ಬಾರಿಗೆ ಹೀಗೆ ಮೇಲಿನಿಂದ ನೋಡಿದ. ಮಂಚದ ಮೇಲೆ ಮಗಳು ಬಾಯಿ ತೆರೆದು ಮಲಗಿದ್ದಳು. ಅವಳ ತೋಳಿನ ಮೇಲೆ ಮಗು. ಮಗುವಿನ ಕೆನ್ನೆ ಚೆನ್ನಾಗಿ ಕೆಂಪೇರಿತ್ತು. ಕೆಳಗೆ ಕುಶಲಾ ಚಾಪೆಯಿಂದ ಅರ್ಧ ಹೊರಗೆ, ತಲೆ ಮಂಚದ ಕಾಲಿಗೆ ಒರಗಿ, ಕೈಯಲ್ಲಿ ಬೀಸಣಿಗೆ ಹಿಡಿದೇ ಬಿದ್ದಿದ್ದಳು. ಇಳಿಬಿಟ್ಟ ಸೀರೆಯ ಹಿಂದಿನಿಂದ ಕೆಂಪು ಬೆಳಕು ಕಾಣುತ್ತಿತ್ತು.

"ಕುಶಲಾ!" ಎಂದ. "ಭವ್ಯಾ! ಮಗಾ!"

ಯಾರೂ ಅಲುಗಲಿಲ್ಲ. ಮಗುವೂ.

ಎಲ್ಲವೂ ಅವನಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಕೆಂಡ, ಮುಚ್ಚಿದ ಗಾಜು, ತಗಡು ಬಿಗಿದ ಕಿಂಡಿ. ಗಾಳಿಯನ್ನೇ ಜೀವನವೆಲ್ಲ ಅಳೆದವನಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಏಣಿಯಿಂದ ಇಳಿದನೋ ಬಿದ್ದನೋ ಅವನಿಗೇ ನೆನಪಿಲ್ಲ. ಬಾಗಿಲಿಗೆ ಭುಜ ಕೊಟ್ಟ, ಚಿಲಕ ಜಗ್ಗಲಿಲ್ಲ. ಅಂಗಳಕ್ಕೆ ಓಡಿ ತೆಂಗಿನಕಾಯಿ ಸುಲಿಯುವ ಹಾರೆ ಕಿತ್ತುಕೊಂಡು ಹಿಂದಿನ ಕಿಟಕಿಗೆ ಬೀಸಿದ. ಗಟ್ಟಿ ಗಾಜು, ಅವನೇ ಆರಿಸಿ ತಂದದ್ದು. ಮೂರನೆಯ ಏಟಿಗೆ ಒಡೆಯಿತು. ಅವನು ಗಾಜಿನ ಚೂರುಗಳ ಮೇಲಿನಿಂದಲೇ ಒಳಗೆ ನುಗ್ಗಿದ. ಕೈ ಸೀಳಿ ರಕ್ತ ಸುರಿದದ್ದು ಆಮೇಲೆ ಬೇರೆಯವರು ಹೇಳಿ ಗೊತ್ತಾಯಿತು.

ಸದ್ದು ಕೇಳಿ ಪಕ್ಕದ ಮನೆಯ ಬ್ಯಾಪ್ಟಿಸ್ಟ್ ಓಡಿ ಬಂದ. ಇಬ್ಬರೂ ಸೇರಿ ಮೂವರನ್ನೂ ಅಂಗಳಕ್ಕೆ ಎಳೆದು ತಂದರು. ಬ್ಯಾಪ್ಟಿಸ್ಟನ ಓಮ್ನಿಯಲ್ಲಿ ಹಾಕಿಕೊಂಡು ಮಣಿಪಾಲಕ್ಕೆ ಹೊರಟರು. ಭೋಜ ಮಗುವನ್ನು ಕಿಟಕಿಯ ಗಾಳಿಗೆ ಹಿಡಿದು ಕುಳಿತಿದ್ದ. ಗಾಳಿ ತಾಗಬಾರದು ಎಂದಿದ್ದ ಮಗು. ಉಸಿರು ಇತ್ತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮನೆದೈವಕ್ಕೆ, ಮಾರಿಯಮ್ಮನಿಗೆ, ಬ್ಯಾಪ್ಟಿಸ್ಟನ ಕನ್ನಡಿಗೆ ನೇತು ಹಾಕಿದ್ದ ಶಿಲುಬೆಗೆ, ಎಲ್ಲರಿಗೂ ಮೊರೆಯಿಟ್ಟ. ಕಟಪಾಡಿ ದಾಟುವಾಗ ಕೂಸು ಕೆಮ್ಮಿತು. ಆಮೇಲೆ ಸಣ್ಣಗೆ ಅತ್ತಿತು. ಭೋಜ ಮಗುವಿನ ಹೊಟ್ಟೆಯ ಮೇಲೆ ಮುಖ ಇಟ್ಟು ಜೋರಾಗಿ ಅತ್ತುಬಿಟ್ಟ.

ಮಗು ಬದುಕಿತು, ಭವ್ಯಶ್ರೀಯೂ ಸಂಜೆಯ ಹೊತ್ತಿಗೆ ಕಣ್ಣು ತೆರೆದು ಮಾತಾಡಿದಳು. ಕೆಂಡದ ತೀರ ಹತ್ತಿರವಿದ್ದ ಕುಶಲಾಗೆ ಮಾತ್ರ ಎಚ್ಚರವಾಗಲು ಮರುದಿನವಾಯಿತು. ಎದ್ದವಳ ಕೈ ನಡುಗುತ್ತಿತ್ತು, ಮಾತು ನಿಧಾನವಾಗಿತ್ತು. "ಕೂಸು?" ಎಂದಳು ಮೊದಲಿಗೆ. ಬದುಕಿದೆ ಎಂದಾಗ ಕಣ್ಣು ಮುಚ್ಚಿಕೊಂಡಳು.

ವಾರ್ಡಿಗೆ ಬಂದ ಡಾಕ್ಟರಮ್ಮ ಎಲ್ಲರನ್ನೂ ಕರೆದು ಹೇಳಿದರು. "ಗಾಳಿಯಾಡದ ಕೋಣೆಯಲ್ಲಿ ಕೆಂಡ ಇಡಬಾರದು. ಅದರಿಂದ ಬರುವ ವಿಷಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಇನ್ನು ಸ್ವಲ್ಪ ತಡವಾಗಿದ್ದರೆ ಮೂವರೂ ಇರುತ್ತಿರಲಿಲ್ಲ." ಆ ಮಾತಿನಲ್ಲಿ ಗಾಳಿಯೂ ಇತ್ತು, ಕೆಂಡವೂ ಇತ್ತು. ಕೇಳಿದವರ ಕಿವಿಯಲ್ಲಿ ಉಳಿದದ್ದು ಕೆಂಡ ಮಾತ್ರ. ಕೆಂಡ ಯಾರಿಗಾದರೂ ಕಾಣುತ್ತದೆ.

ರಿತೇಶ್ ಕಾರ್ಕಳದಿಂದ ಬಂದವನೇ ಭೋಜನ ಕಾಲಿಗೆ ಬಿದ್ದ. "ನೀವು ಇಲ್ಲದಿದ್ದರೆ ನನಗೆ ಸಂಸಾರವೇ ಇರುತ್ತಿರಲಿಲ್ಲ ಮಾವ" ಎಂದ. ನೆಂಟರು ಬಂದರು. ಎಲ್ಲರ ಕಣ್ಣೂ ಭೋಜನ ಕೈಯ ಬ್ಯಾಂಡೇಜಿನ ಮೇಲೆ. ಬ್ಯಾಪ್ಟಿಸ್ಟ್ ಕಿಟಕಿ ಒಡೆದ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದ. ಕುಶಲಾಳ ವಿಷಯ ಬಂದಾಗ ದನಿ ಇಳಿಸುತ್ತಿದ್ದರು. ಈ ಕಾಲದಲ್ಲಿ ಯಾರಾದರೂ ಕೆಂಡ ಇಡುತ್ತಾರಾ, ಅಷ್ಟು ಒಳ್ಳೆಯ ಎಸಿ ಮಾಡಿಕೊಟ್ಟಿದ್ದ ಪಾಪ ಎನ್ನುತ್ತಿದ್ದರು. ಭೋಜ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಹೇಳಲು ನಾಚಿಕೆಯಾಗುತ್ತದೆ, ಜನರ ಆ ಹೊಗಳಿಕೆ ಅವನಿಗೆ ಹಿತವಾಗಿಯೂ ಇತ್ತು.

ಭವ್ಯಶ್ರೀಯನ್ನು ಮನೆಗೆ ಕಳಿಸುವ ದಿನ ರಿತೇಶ್ ಅತ್ತೆಯ ಹಾಸಿಗೆಯ ಬಳಿ ಬಂದು ನಿಂತ. ಕೆಟ್ಟ ಹುಡುಗನಲ್ಲ. ಮಾತು ಹೇಗೆ ತೆಗೆಯುವುದೆಂದು ತಿಳಿಯದೆ ಮಂಚದ ಕಂಬಿ ಒರೆಸುತ್ತಿದ್ದ.

"ಅತ್ತೆ, ಇವಳನ್ನು, ಮಗುವನ್ನು ಕಾರ್ಕಳಕ್ಕೆ ಕರೆದುಕೊಂಡು ಹೋಗುತ್ತೇನೆ. ಬಾಣಂತನ ಅಮ್ಮ ಮಾಡುತ್ತಾರೆ. ನೀವು ನೋಡಲಿಕ್ಕೆ ಬನ್ನಿ, ಬೇಡ ಎಂದು ಅಲ್ಲ. ಆದರೆ ಮಗುವನ್ನು ನಿಮ್ಮ ಹತ್ತಿರ ಬಿಡಲಿಕ್ಕೆ... ನನಗೆ ಹೆದರಿಕೆ ಉಂಟು."

ಕುಶಲಾ ತಲೆಯಾಡಿಸಿದಳು. "ಹೌದು ಮಗಾ. ನೀವು ಹೇಳುವುದು ಸರಿ ಉಂಟು. ನನ್ನಿಂದ ತಪ್ಪಾಯಿತು" ಎಂದಳು.

ಎಷ್ಟು ಸುಲಭವಾಗಿ ಹೇಳಿದಳು! ಅವಳು ಆ ಮಾತನ್ನು ಬೇಡುವವಳಂತೆ ಕೈ ಜೋಡಿಸಿ ಹೇಳಿದ್ದು ನೋಡಿ ಭೋಜನಿಗೆ ತಡೆಯಲಾಗಲಿಲ್ಲ.

"ಅವಳದಲ್ಲ" ಎಂದ. "ನನ್ನದು."

ಎಲ್ಲರೂ ತಿರುಗಿ ನೋಡಿದರು.

"ಹೊರಗಿನ ಗಾಳಿ ಬರಲಿಕ್ಕೆ ಒಂದು ಕಿಂಡಿ ಬಿಟ್ಟಿದ್ದೆ. ಹೊಗೆ ಬರುತ್ತದೆ ಎಂದು ಅದಕ್ಕೆ ತಗಡು ಹೊಡೆದೆ. ಕಿಟಕಿಯೆಲ್ಲ ಸೀಲ್ ಮಾಡಿದೆ. ಅದು ಮನೆ ಅಲ್ಲ ಮಾರಾಯ, ಡಬ್ಬ. ಮುಚ್ಚಳ ಹಾಕಿದ ಡಬ್ಬ. ನಾನು ಮಾಡಿದ್ದು."

"ಮಾವ, ಸಮಾಧಾನ ಮಾಡಿಕೊಳ್ಳಿ" ಎಂದ ರಿತೇಶ್.

"ಕೇಳು. ಇವಳ ಅಮ್ಮ ಕೆಂಡ ಇಟ್ಟಿದ್ದರು, ಅಜ್ಜಿ ಇಟ್ಟಿದ್ದರು. ಯಾರಿಗೂ ಎಂತ ಆಗಲಿಲ್ಲ. ಹಂಚಿನ ಮನೆ, ಸಂದುಗೊಂದು ಎಲ್ಲ ಕಡೆ ಇತ್ತು. ನಾನು ಒಂದು ಸಂದೂ ಬಿಡಲಿಲ್ಲ. ಕುವೈತಿನಲ್ಲಿ ಹೀಗೆ ಮಾಡಿದ್ದರೆ ನನ್ನನ್ನು ಆವತ್ತೇ ಕಳಿಸುತ್ತಿದ್ದರು."

"ಕೆಂಡ ಇಡದಿದ್ದರೆ ಹೀಗೆ ಆಗುತ್ತಿತ್ತಾ ಮಾವ?" ರಿತೇಶ್ ಮೆಲ್ಲಗೆ ಕೇಳಿದ.

ಭೋಜ ಬಾಯಿ ತೆರೆದ. ಇದಕ್ಕೆ ಉತ್ತರ ಒಂದೇ ಇತ್ತು. "ಇಲ್ಲ" ಎಂದ. "ಆದರೆ..."

"ಮತ್ತೆ?" ರಿತೇಶ್ ಅವನ ಭುಜ ಹಿಡಿದ. ಕಣ್ಣು ಒದ್ದೆಯಾಗಿತ್ತು. "ಅತ್ತೆಯನ್ನು ಬಿಟ್ಟುಕೊಡಬಾರದು ಎಂದು ನೀವು ಹೀಗೆ ಹೇಳುವುದು. ನನಗೆ ಅರ್ಥ ಆಗುತ್ತದೆ. ನಿಮ್ಮಷ್ಟು ದೊಡ್ಡ ಮನಸ್ಸು ಯಾರಿಗೆ ಉಂಟು?"

"ಸಾಕು ಪಪ್ಪ" ಎಂದಳು ಭವ್ಯಶ್ರೀ. "ಅಮ್ಮನಿಗೆ ಯಾರೂ ಬೈಯುವುದಿಲ್ಲ. ನೀವು ಇಷ್ಟೆಲ್ಲ ಮೈಮೇಲೆ ಹಾಕಿಕೊಳ್ಳುವುದು ಬೇಡ."

ಅವನು ಮತ್ತೂ ಹೇಳಿದ. ಕೊಳವೆ ಎಲ್ಲಿ ಹೋಗುತ್ತದೆ, ಗಾಳಿ ಹೇಗೆ ಸುತ್ತುತ್ತದೆ ಎಂದು ಬ್ಯಾಂಡೇಜು ಸುತ್ತಿದ ಕೈಯನ್ನು ಗಾಳಿಯಲ್ಲಿ ಆಡಿಸಿ ತೋರಿಸಿದ. ತಾನು ಹೇಳುತ್ತಿರುವುದೆಲ್ಲ ಸತ್ಯ, ಒಂದು ಅಕ್ಷರವೂ ಆಚೀಚೆ ಇಲ್ಲ. ಆದರೆ ಹೇಳಿದಷ್ಟೂ ಎದುರಿನವರ ಮುಖದಲ್ಲಿ ಅವನ ಮೇಲಿನ ಮರುಕ ಹೆಚ್ಚುತ್ತಿತ್ತು. ಅವನು ದೊಡ್ಡವನಾದಷ್ಟೂ ಕುಶಲಾ ಸಣ್ಣವಳಾಗುತ್ತಿದ್ದಳು. ಕೊನೆಗೆ ಅವನೇ ಕೈ ಇಳಿಸಿದ.

ಹೊರಡುವ ಮೊದಲು ಭವ್ಯಶ್ರೀ ಮಗುವನ್ನು ತಾಯಿಯ ಮುಂದೆ ಹಿಡಿದಳು. "ಒಮ್ಮೆ ಎತ್ತಿಕೋ ಅಮ್ಮ" ಎಂದಳು. ಕುಶಲಾ ಎರಡೂ ಕೈಗಳನ್ನು ಹೊದಿಕೆಯ ಅಡಿಗೆ ಎಳೆದುಕೊಂಡಳು.

"ಬೇಡ ಮಗಾ. ನೋಡಿದೆ, ಸಾಕು."

ಮಗು ನಿದ್ದೆಯಲ್ಲಿ ಬಾಯಿ ಚಪ್ಪರಿಸಿತು. ಭವ್ಯಶ್ರೀ ಮಗುವನ್ನು ಎದೆಗೆ ತೆಗೆದುಕೊಂಡು ಗಂಡನ ಹಿಂದೆ ಹೋದಳು.

ವಾರ್ಡಿನ ಫ್ಯಾನು ತಿರುಗುತ್ತಿತ್ತು. ತೆರೆದ ಕಿಟಕಿಯಿಂದ ಬಿಸಿ ಗಾಳಿ ಬರುತ್ತಿತ್ತು. ಭೋಜ ಸ್ಟೂಲಿನ ಮೇಲೆ ಕುಳಿತ. ಸ್ವಲ್ಪ ಹೊತ್ತಿನ ಮೇಲೆ ಕುಶಲಾಳ ಕೈ ಹೊದಿಕೆಯಿಂದ ಹೊರಗೆ ಬಂದು ಅವನ ಕೈ ಹುಡುಕಿತು.

"ನೀವು ಜನ್ಮದಲ್ಲಿ ಒಂದು ತಪ್ಪು ಒಪ್ಪಿಕೊಂಡವರಲ್ಲ" ಎಂದಳು ಅವಳು, ಒಂದೊಂದೇ ಮಾತನ್ನು ಹೆಕ್ಕಿ ಹೆಕ್ಕಿ. "ಇವತ್ತು ನನಗೋಸ್ಕರ, ಮಾಡದ ತಪ್ಪನ್ನು ಒಪ್ಪಿಕೊಂಡಿರಿ. ಅಷ್ಟು ಜನರ ಎದುರು."

"ಕುಶಲಾ, ನಾನು ಹೇಳಿದ್ದು ನಿಜ. ನಿನ್ನ ಮೇಲಾಣೆ."

"ಆಯಿತು, ಆಯಿತು" ಎಂದು ಅವಳು ಮಗುವನ್ನು ತಟ್ಟುವಂತೆ ಅವನ ಕೈ ತಟ್ಟಿದಳು. ಅವಳ ಮುಖದಲ್ಲಿ ಸುಖ ಕಾಣುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವನು ಅದನ್ನು ಅಲ್ಲಿ ಕಂಡದ್ದು ಕಡಿಮೆ. "ನನಗೆ ಇಷ್ಟು ಸಾಕು" ಎಂದು ಕಣ್ಣು ಮುಚ್ಚಿದಳು.

ಅವಳಿಗೆ ನಿದ್ದೆ ಹತ್ತಿದ ಮೇಲೂ ಭೋಜ ಕೈ ಬಿಡಿಸಿಕೊಳ್ಳಲಿಲ್ಲ.